ಆರಿಸಿದ್ದು ಮಾಲೀಕ, ಹೊಣೆ ಯಾರದು?

ಕಟ್ಟಡದ ಗುತ್ತಿಗೆಯನ್ನು ಒಬ್ಬರಿಗೆ ವಹಿಸಿದ ಮೇಲೂ ಮಾಲೀಕರು ಕೆಲವು ತೀರ್ಮಾನಗಳನ್ನು ತಮ್ಮ ಕೈಯಲ್ಲೇ ಇಟ್ಟುಕೊಳ್ಳುತ್ತಾರೆ. ಲಿಫ್ಟು ಇಂಥ ಕಂಪನಿಯದೇ ಆಗಬೇಕು, ಎ.ಸಿ. ಕೆಲಸ ಇಂಥವರೇ ಮಾಡಬೇಕು. ಹೀಗೆ ಮಾಲೀಕರು ತೋರಿಸಿದ ಉಪಗುತ್ತಿಗೆದಾರನ (ನಾಮಿನೇಟೆಡ್ ಸಬ್‌ಕಾಂಟ್ರಾಕ್ಟರ್) ಜೊತೆ ಕರಾರಿಗೆ ಸಹಿ ಹಾಕಬೇಕಾದವನು ಮಾತ್ರ ಮುಖ್ಯ ಗುತ್ತಿಗೆದಾರ. ಕೆಲಸ ಕೆಟ್ಟರೆ ನಷ್ಟ ಕಟ್ಟಿಕೊಡುವವರು ಯಾರು? ಇಂಗ್ಲೆಂಡಿನ ನ್ಯಾಯಾಲಯಗಳು ಈ ಪ್ರಶ್ನೆಯನ್ನು ದಶಕಗಳ ಕಾಲ ಜಾಲಾಡಿವೆ.

1968ರಲ್ಲಿ, ಆಗ ಅಲ್ಲಿನ ಅತ್ಯುನ್ನತ ನ್ಯಾಯಾಲಯವಾಗಿದ್ದ ಹೌಸ್ ಆಫ್ ಲಾರ್ಡ್ಸ್ ಕೊಟ್ಟ ಎರಡು ತೀರ್ಪುಗಳನ್ನು ಒಟ್ಟಿಗೇ ಓದಬೇಕು. ಯಂಗ್ ಅಂಡ್ ಮಾರ್ಟನ್ ಪ್ರಕರಣದಲ್ಲಿ ಮಾಲೀಕರು ‘ಸಾಮರ್ಸೆಟ್ 13’ ಎಂಬ ಹೆಂಚನ್ನೇ ಹೊದಿಸಬೇಕೆಂದು ಹೇಳಿದ್ದರು. ಅದನ್ನು ತಯಾರಿಸುತ್ತಿದ್ದದ್ದು ಒಂದೇ ಕಾರ್ಖಾನೆ. ಹೊದಿಸುವಾಗ ಕಣ್ಣಿಗೆ ಬೀಳದ ದೋಷ ಹೆಂಚಿನೊಳಗಿತ್ತು; ಬಿಸಿಲು ಮಳೆಗೆ ಒಡ್ಡಿಕೊಂಡ ಮೇಲೆ ಅವು ಹಾಳಾದವು. ಗುತ್ತಿಗೆದಾರನ ತಪ್ಪೇನೂ ಇರಲಿಲ್ಲ. ಆದರೂ ಸಾಮಗ್ರಿಯ ಗುಣಮಟ್ಟಕ್ಕೆ ಅವನೇ ಹೊಣೆ ಎಂದಿತು ನ್ಯಾಯಾಲಯ. ಮಾಲೀಕ ಗುತ್ತಿಗೆದಾರನನ್ನು ಕೇಳಿದರೆ, ಅವನು ಸರಬರಾಜುದಾರನನ್ನು ಕೇಳಬಹುದು, ಅವನು ಕಾರ್ಖಾನೆಯನ್ನು. ಹೀಗೆ ಹೊಣೆ ತಪ್ಪಿತಸ್ಥನವರೆಗೆ ತಲುಪುತ್ತದೆ. ನಡುವೆ ಒಂದು ಕೊಂಡಿ ಕಳಚಿದರೆ ಕೊನೆಗೆ ಯಾರೂ ಸಿಗುವುದಿಲ್ಲ.

ಎರಡನೆಯದು ಗ್ಲಾಸ್ಟರ್‌ಶೈರ್ ಕೌಂಟಿ ಕೌನ್ಸಿಲ್ ಮತ್ತು ರಿಚರ್ಡ್‌ಸನ್ ನಡುವಿನದು. ಮಾಲೀಕರು ಗೊತ್ತುಮಾಡಿದವರು ಕೊಟ್ಟ ಕಾಂಕ್ರೀಟ್ ಕಂಬಗಳು ಬಿರುಕುಬಿಟ್ಟವು. ಆದರೆ ಸರಬರಾಜುದಾರರು ತಮ್ಮ ಹೊಣೆಗೆ ಮೊದಲೇ ಮಿತಿ ಹಾಕಿಕೊಂಡಿದ್ದರು; ಅವರು ಬೇಡ ಎನ್ನುವ ಹಕ್ಕು ಗುತ್ತಿಗೆದಾರನಿಗೆ ಇರಲಿಲ್ಲ. ಇಲ್ಲಿ ಅವನು ಪಾರಾದ. ನನಗೆ ಈ ಎರಡನೆಯ ತೀರ್ಪೇ ವಿಷಯದ ಮರ್ಮವನ್ನು ಮುಟ್ಟಿದೆ ಎನಿಸುತ್ತದೆ: ಬೇಡ ಎನ್ನಲಾಗದವನ ತಲೆಗೆ, ಬೇರೆಯವರಿಂದ ವಸೂಲಿ ಮಾಡಲೂ ಆಗದ ನಷ್ಟವನ್ನು ಕಟ್ಟುವುದು ಅನ್ಯಾಯ.

ಉಪಗುತ್ತಿಗೆದಾರ ದಿವಾಳಿಯಾದರೆ? 1970ರ ಬಿಕರ್ಟನ್ ಪ್ರಕರಣದಲ್ಲಿ ಆಸ್ಪತ್ರೆ ಮಂಡಳಿ ಆರಿಸಿದ್ದ ಹೀಟಿಂಗ್ ಕಂಪನಿ ಮುಳುಗಿತು. ಆ ಕೆಲಸ ಮಾಡುವ ಹಕ್ಕಾಗಲಿ ಕರ್ತವ್ಯವಾಗಲಿ ಮುಖ್ಯ ಗುತ್ತಿಗೆದಾರನಿಗಿಲ್ಲ, ಮಾಲೀಕರೇ ಇನ್ನೊಬ್ಬರನ್ನು ಗೊತ್ತುಮಾಡಬೇಕು ಎಂದಾಯಿತು. 1982ರ ಪರ್ಸಿ ಬಿಲ್ಟನ್ ತೀರ್ಪು ಇದನ್ನು ತುಸು ಬಿಗಿ ಮಾಡಿತು: ಉಪಗುತ್ತಿಗೆದಾರ ಕೈಬಿಟ್ಟು ಹೋದದ್ದರಿಂದಲೇ ಆದ ವಿಳಂಬ ಮಾಲೀಕರ ತಪ್ಪಲ್ಲ, ಮರುನೇಮಕವನ್ನು ವಿನಾಕಾರಣ ಎಳೆದಾಡಿದರೆ ಮಾತ್ರ ತಪ್ಪು.

ವಿನ್ಯಾಸದ ಹೊಣೆಯ ಪ್ರಶ್ನೆ ಎದ್ದದ್ದು ಯಾರ್ಕ್‌ಶೈರಿನ ಎಮ್ಲಿ ಮೂರ್‌ನಲ್ಲಿ. 1969ರ ಮಾರ್ಚ್ 19ರಂದು ಅಲ್ಲಿನ 385 ಮೀಟರ್ ಎತ್ತರದ ಟಿ.ವಿ. ಮಾಸ್ಟ್ ಕುಸಿದುಬಿತ್ತು. ಮಂಜುಗಡ್ಡೆಯ ಭಾರ ಒಂದು ಕಡೆ, ನಿಧಾನವಾದ ಗಾಳಿ ಹುಟ್ಟಿಸಿದ ಓಲಾಟ ಇನ್ನೊಂದು ಕಡೆ; ಎರಡೂ ಸೇರಿದಾಗ ಏನಾದೀತು ಎಂದು ವಿನ್ಯಾಸ ಮಾಡಿದವರು ಲೆಕ್ಕ ಹಾಕಿರಲಿಲ್ಲ. ವಿನ್ಯಾಸ ಉಪಗುತ್ತಿಗೆದಾರರಾದ ಬಿಐಸಿಸಿಯದು, ಮುಖ್ಯ ಗುತ್ತಿಗೆ ಇಎಂಐ ಕಂಪನಿಯದು. ಮಾಸ್ಟಿನ ವಿನ್ಯಾಸಕ್ಕೂ ಕರಾರಿನ ಪ್ರಕಾರ ಇಎಂಐ ಹೊಣೆ ಎಂದು 1980ರಲ್ಲಿ ಹೌಸ್ ಆಫ್ ಲಾರ್ಡ್ಸ್ ಹೇಳಿತು.

ಕರಾರೇ ಇಲ್ಲದ ಉಪಗುತ್ತಿಗೆದಾರನ ಮೇಲೆ ಮಾಲೀಕರು ನೇರ ದಾವೆ ಹೂಡಬಹುದೇ? ಕಾರ್ಖಾನೆಯೊಂದರ ಬಿರುಕುಬಿಟ್ಟ ನೆಲದ ಬಗ್ಗೆ ಸ್ಕಾಟ್ಲೆಂಡಿನಿಂದ ಬಂದ ಜೂನಿಯರ್ ಬುಕ್ಸ್ ಪ್ರಕರಣದಲ್ಲಿ 1982ರಲ್ಲಿ ಹೌದು ಎಂಬ ಉತ್ತರ ಬಂತು. ನಂತರದ ನ್ಯಾಯಾಲಯಗಳು ಅದನ್ನು ಆ ಪ್ರಕರಣಕ್ಕಷ್ಟೇ ಸೀಮಿತ ಮಾಡಿಬಿಟ್ಟವು. ಹಾಗಾಗಿ ಭದ್ರತೆ ಬೇಕಾದ ಮಾಲೀಕರಿಗೆ ಉಳಿದ ದಾರಿ ಉಪಗುತ್ತಿಗೆದಾರನೊಂದಿಗೆ ಪ್ರತ್ಯೇಕ ಕರಾರು. ಬ್ರಿಟನ್ನಿನ ಕಟ್ಟಡ ಗುತ್ತಿಗೆಗಳಲ್ಲಿ ಬಳಸುವ ಜೆಸಿಟಿ ಕರಾರು ನಮೂನೆಯ 1980ರ ಆವೃತ್ತಿ ಅದಕ್ಕೆ ಏರ್ಪಾಡು ಮಾಡಿತ್ತು, ಆದರೆ ಕಾಗದಪತ್ರಗಳ ಕಂತೆ ಬೆಳೆಯಿತು. 2005ರ ಆವೃತ್ತಿಯಲ್ಲಿ ನಾಮಿನೇಶನ್ ಪದ್ಧತಿಯನ್ನೇ ಕೈಬಿಟ್ಟರು.

ಅಂತರರಾಷ್ಟ್ರೀಯ ಕಾಮಗಾರಿಗಳ ಫಿಡಿಕ್ ಕರಾರು ನಮೂನೆ ಮಾತ್ರ ಈ ಪದ್ಧತಿಯನ್ನು ಉಳಿಸಿಕೊಂಡಿದೆ. ಫಿಡಿಕ್‌ನ 1999ರ ‘ರೆಡ್ ಬುಕ್’ ಪ್ರಕಾರ, ಮಾಲೀಕರು ತೋರಿಸಿದ ಉಪಗುತ್ತಿಗೆದಾರನಿಗೆ ಸಾಮರ್ಥ್ಯವಿಲ್ಲ, ಹಣಬಲವಿಲ್ಲ ಎಂಬಂಥ ನ್ಯಾಯವಾದ ಕಾರಣ ಕೊಟ್ಟು ಗುತ್ತಿಗೆದಾರ ಒಲ್ಲೆ ಎನ್ನಬಹುದು. ಆದರೂ ಅವನೇ ಬೇಕೆಂದರೆ ಮುಂದಿನ ನಷ್ಟವನ್ನು ತುಂಬಿಕೊಡಲು ಮಾಲೀಕರು ಒಪ್ಪಬೇಕು. ರಿಚರ್ಡ್‌ಸನ್ ಪ್ರಕರಣದಲ್ಲಿ ಗುತ್ತಿಗೆದಾರನಿಗೆ ಇಲ್ಲದೇ ಹೋದದ್ದು ಇದೇ ಹಕ್ಕು.

ಇನ್ನು ಉಪಗುತ್ತಿಗೆದಾರನಿಗೆ ಬರಬೇಕಾದ ದುಡ್ಡಿನ ವಿಷಯದಲ್ಲಿ ನಮ್ಮ ಸುಪ್ರೀಂ ಕೋರ್ಟು 2015ರಲ್ಲಿ ಎಸ್ಸಾರ್ ಆಯಿಲ್ ಮತ್ತು ಹಿಂದೂಸ್ತಾನ್ ಶಿಪ್‌ಯಾರ್ಡ್ ಪ್ರಕರಣದಲ್ಲಿ ಸ್ಪಷ್ಟ ಮಾತು ಹೇಳಿದೆ. ಕೆಲಸ ಒಎನ್‌ಜಿಸಿಯದು, ಗುತ್ತಿಗೆ ಶಿಪ್‌ಯಾರ್ಡಿನದು, ಉಪಗುತ್ತಿಗೆ ಎಸ್ಸಾರ್‌ದು. ಒಎನ್‌ಜಿಸಿ ಕೆಲವು ಬಿಲ್ಲುಗಳನ್ನು ಎಸ್ಸಾರ್‌ಗೆ ನೇರವಾಗಿ ಪಾವತಿ ಮಾಡಿದ್ದರೂ ಅವರಿಬ್ಬರ ನಡುವೆ ಕರಾರು ಹುಟ್ಟುವುದಿಲ್ಲ, ಬಾಕಿ ಕೊಡಬೇಕಾದದ್ದು ಶಿಪ್‌ಯಾರ್ಡೇ ಎಂದಿತು. ‘ಮಾಲೀಕರೇ ನನ್ನನ್ನು ಕರೆಸಿದ್ದು, ಅವರೇ ಚೆಕ್ ಕೊಡುತ್ತಿದ್ದರು’ ಎಂದು ನಂಬಿ ಕೂತ ಸಣ್ಣ ಎಲೆಕ್ಟ್ರಿಕಲ್ ಅಥವಾ ಪ್ಲಂಬಿಂಗ್ ಗುತ್ತಿಗೆದಾರರು ಕೆಲಸ ಹಿಡಿಯುವ ಮೊದಲೇ ಈ ತೀರ್ಪನ್ನು ತಿಳಿದಿರಬೇಕು. ಮುಖ್ಯ ಗುತ್ತಿಗೆದಾರ ಕೈಯೆತ್ತಿದ ದಿನ ಮಾಲೀಕರಿಂದ ಬಾಕಿ ಕೇಳಲು ಆಧಾರವಾಗುವುದು ಅವರ ಸಹಿ ಇರುವ ಪ್ರತ್ಯೇಕ ಪತ್ರ.