ಬಾಬಾಕೂಟುವಿನ ಕುಲ: ಮಡಗಾಸ್ಕರದ ಲೀಮರುಗಳೂ ಅವುಗಳ ಕಾಡೂ

ಮಲ್ಪೆಯ ಕಡಲ ತಡಿಯಿಂದ ದೋಣಿಯೇರಿ ಸೇಂಟ್ ಮೇರಿ ದ್ವೀಪಗಳಿಗೆ ಹೋದವರು, ಯಾವನೋ ಶಿಲ್ಪಿಯು ಕಡೆದು ಸಾಲಾಗಿ ನಿಲ್ಲಿಸಿದಂತಿರುವ ಬಹುಕೋನದ ಶಿಲಾಸ್ತಂಭಗಳನ್ನು ಅಲ್ಲಿ ನೀರಂಚಿನಲ್ಲಿ ಕಂಡಿರುವರು. ಸುಮಾರು 8 ಕೋಟಿ 80 ಲಕ್ಷ ವರ್ಷಗಳ ಹಿಂದೆ, ಅಲ್ಲಿಯವರೆಗೆ ಒಂದಾಗಿದ್ದ ಭಾರತದ ನೆಲವೂ ಮಡಗಾಸ್ಕರದ ನೆಲವೂ ಬಿರಿದು ಬೇರೆಯಾಗುತ್ತಿದ್ದಾಗ ಭೂಗರ್ಭದಿಂದುಕ್ಕಿದ ಲಾವಾರಸವೇ ತಣಿದು ಈ ಕಂಬಗಳಾದುವೆಂಬುದು ಭೂವಿಜ್ಞಾನಿಗಳ ನಿರ್ಣಯ. ಅದೇ ಕಾಲದ ಅಗ್ನಿಶಿಲೆಗಳು ಮಡಗಾಸ್ಕರದಲ್ಲಿಯೂ ದೊರೆಯುವುವು. ಆದುದರಿಂದ 5,87,041 ಚದರ ಕಿಲೋಮೀಟರು ವಿಸ್ತಾರದ, ನಮ್ಮ ಕರ್ನಾಟಕದ ಮೂರು ಪಟ್ಟು ದೊಡ್ಡದಾದ ಆ ದ್ವೀಪರಾಷ್ಟ್ರದ ವಿಚಾರವೆತ್ತುವಾಗ ತೀರ ಅಪರಿಚಿತವಾದ ನೆಲವನ್ನು ಕುರಿತು ಬರೆಯುತ್ತಿರುವೆನೆಂದು ನನಗೆ ಅನ್ನಿಸುವುದಿಲ್ಲ.

ನೆಲದ ನಂಟಿನಂತೆ ಪ್ರಾಣಿಗಳ ನಂಟೂ ಉಂಟು. ತುಮಕೂರು ಸೀಮೆಯ ಕುರುಚಲು ಕಾಡಿನಲ್ಲಿ ಒಂದು ರಾತ್ರಿ ನಮ್ಮ ಕೈದೀಪದ ಬೆಳಕಿಗೆ, ಜಾಲಿಯ ಕೊಂಬೆಯ ಮೇಲೆ, ಕೆಂಡದ ಎರಡು ಕಿಡಿಗಳಂತೆ ಹೊಳೆದ ಕಣ್ಣುಗಳನ್ನು ನಾನು ಕಂಡದ್ದುಂಟು. ಕಡ್ಡಿಯಂಥ ಕೈಗಳಿಂದ ಕೊಂಬೆಯನ್ನು ತಬ್ಬಿ, ಒಂದೊಂದೇ ಹೆಜ್ಜೆಯನ್ನು ಯೋಚಿಸಿ ಇಡುವಂತೆ ಅದು ಕತ್ತಲೆಗೆ ಸರಿಯಿತು. ನಮ್ಮವರು ಕಾಡುಪಾಪವೆಂದು ಕರೆಯುವ ಆ ಜೀವಿ, ಕೋತಿಗಳ ದೂರದ ಬಳಗಕ್ಕೆ ಸೇರಿದ ಮಡಗಾಸ್ಕರದ ಲೀಮರುಗಳೆಂಬ ಪ್ರಾಣಿಗಳಿಗೆ ದಾಯಾದಿ. ಈ ಬಾಂಧವ್ಯಕ್ಕೆ ಕಾರಣವನ್ನರಸುತ್ತ 1864ರಲ್ಲಿ ಆಂಗ್ಲ ಪ್ರಾಣಿಶಾಸ್ತ್ರಜ್ಞ ಫಿಲಿಪ್ ಸ್ಕ್ಲೇಟರನು ಹಿಂದೂ ಮಹಾಸಾಗರದಲ್ಲಿ ಮುಳುಗಿಹೋದ ಖಂಡವೊಂದನ್ನು ಊಹಿಸಿ, ಅದಕ್ಕೆ ಲೆಮೂರಿಯ ಎಂದು ಹೆಸರಿಟ್ಟನು. ಆ ಖಂಡವು ಇರಲಿಲ್ಲ. ದ್ವೀಪವು ಒಂಟಿಯಾಗಿ ಬಹುಕಾಲ ಕಳೆದ ಮೇಲೆ, ಕಿರಿದಾದೆಡೆಯಲ್ಲಿಯೂ ಸುಮಾರು 400 ಕಿಲೋಮೀಟರು ಅಗಲದ ಮೊಜಾಂಬಿಕ್ ಕಾಲುವೆಯನ್ನು ತೇಲುವ ಮರಗಿಡಗಳ ಮೇಲೆ ದಾಟಿ ಆಫ್ರಿಕದಿಂದ ಬಂದ ಕೆಲವೇ ಜೀವಿಗಳ ಸಂತತಿ ಇಂದಿನ ಲೀಮರುಗಳೆಂದು ವಿದ್ವಾಂಸರು ಈಗ ಒಪ್ಪುವರು. ಕೋತಿಗಳು ಆ ನೆಲಕ್ಕೆ ಬಾರದೆ ಹೋದುದರಿಂದ, ಮೂವತ್ತು ಗ್ರಾಂ ತೂಗುವ ಇಲಿಲೀಮರಿನಿಂದ ಮೊದಲುಗೊಂಡು ಗೊರಿಲ್ಲದಷ್ಟು ದೊಡ್ಡ ಆರ್ಕಿಯೋಇಂಡ್ರಿಸ್‌ವರೆಗೆ ಆ ಒಂದೇ ವಂಶವು ನೂರಕ್ಕೆ ಮಿಕ್ಕಿದ ಕವಲಾಗಿ ಹರಡಿತು.

ದೊಡ್ಡ ಲೀಮರುಗಳು ಈಗ ಇಲ್ಲ. ದ್ವೀಪಕ್ಕೆ ಮನುಷ್ಯನು ಬಂದ ಮೇಲೆ ಹದಿನೇಳಕ್ಕೆ ಕಡಮೆಯಿಲ್ಲದಷ್ಟು ಜಾತಿಗಳು ನಿರ್ನಾಮವಾದುವು. ಉಳಿದವುಗಳ ಸ್ಥಿತಿಯನ್ನು ಅಂತರರಾಷ್ಟ್ರೀಯ ನಿಸರ್ಗ ಸಂರಕ್ಷಣಾ ಒಕ್ಕೂಟವು 2020ರಲ್ಲಿ ಪರಿಶೀಲಿಸಿದಾಗ, 107 ಜಾತಿಗಳೊಳಗೆ 103 ಅಪಾಯಕ್ಕೊಳಗಾದುವೆಂದೂ, ಅವುಗಳಲ್ಲಿ 33 ಅಳಿವಿನ ತೀರ ಅಂಚಿಗೆ ಬಂದು ನಿಂತಿರುವುವೆಂದೂ ತಿಳಿದುಬಂದಿತು. ಒಂದು ದೇಶಕ್ಕೆ ಮಾತ್ರ ಸೇರಿದ ಒಂದು ಇಡಿಯ ವಂಶವೇ ಹೀಗೆ ಏಕಕಾಲದಲ್ಲಿ ಕುಸಿಯುತ್ತಿರುವುದನ್ನು ನೆನೆದರೆ ಮನಸ್ಸು ಮರುಗುತ್ತದೆ.

ಅಂಚಿಗೆ ಬಂದವುಗಳಲ್ಲಿ ಇಂಡ್ರಿಯೂ ಒಂದು. ಬದುಕಿರುವ ಲೀಮರುಗಳಲ್ಲೆಲ್ಲ ಅದೇ ದೊಡ್ಡದು. ಕಪ್ಪು ಬಿಳುಪು ಮೈ, ಮೊಂಡು ಬಾಲ, ಬೆರಗಾದಂಥ ಹಳದಿ ಕಣ್ಣು, ಮರದ ಬೊಡ್ಡೆಯಿಂದ ಬೊಡ್ಡೆಗೆ ನೆಟ್ಟಗೆ ನೆಗೆಯುವ ನೀಳವಾದ ಹಿಂಗಾಲು. ಪೂರ್ವತೀರದ ಮಳೆಕಾಡಿನ ಆಂಡಸಿಬೆ ಪ್ರಾಂತದಲ್ಲಿ, ಹೊತ್ತು ಮೂಡಿ ಮಂಜು ಹರಿಯುವ ವೇಳೆಗೆ, ಒಂದು ಕುಟುಂಬದ ಗಂಡುಹೆಣ್ಣುಗಳು ಮೊದಲು ಒರಟಾಗಿ ಗರ್ಜಿಸಿ, ಅನಂತರ ಒಂದರ ಸ್ವರಕ್ಕೆ ಇನ್ನೊಂದು ಸ್ವರವನ್ನು ಹೆಣೆದು ನೀಳವಾಗಿ ಹಾಡುವುವು. ಎರಡು ಕಿಲೋಮೀಟರು ದೂರಕ್ಕೂ ಕೇಳುವ ಆ ಹಾಡು ಮುಗಿಯಿತೆನ್ನುವಷ್ಟರಲ್ಲಿ ಆಚೆಯ ಗುಡ್ಡದ ಕುಟುಂಬ ಉತ್ತರ ಕೊಡುವುದು. ಮನುಷ್ಯನ ಸಂಗೀತದಲ್ಲಿರುವಂತೆ ಸಮಪ್ರಮಾಣದ ಮತ್ತು ಒಂದಕ್ಕೆರಡು ಪ್ರಮಾಣದ ಲಯವು ಇದರಲ್ಲಿರುವುದನ್ನು 2021ರಲ್ಲಿ ಸಂಶೋಧಕರು ಅಳೆದು ತೋರಿಸಿದರು. ಎರಡು ಮೂರು ವರ್ಷಕ್ಕೊಮ್ಮೆ ಒಂದೇ ಮರಿಯನ್ನು ಹೆರುವ ಈ ಪ್ರಾಣಿಯನ್ನು ಸೆರೆಯಲ್ಲಿಟ್ಟು ಸಾಕುವ ಯತ್ನಗಳೆಲ್ಲ ವಿಫಲವಾಗಿರುವುದರಿಂದ, ಕಾಡಿನ ಹೊರಗೆ ಇದರ ಬೀಜವಿಲ್ಲ.

ಸ್ಥಳೀಯರು ಇದನ್ನು ಬಾಬಾಕೂಟು ಎನ್ನುವರು. ತಂದೆಯೆಂಬ ಶಬ್ದವೂ ಪುಟ್ಟ ಹುಡುಗನೆಂಬ ಶಬ್ದವೂ ಕೂಡಿದ ಹೆಸರು ಇದು. ಅಣ್ಣತಮ್ಮಂದಿರಿಬ್ಬರು ಕಾಡಿನಲ್ಲಿದ್ದರಂತೆ, ಒಬ್ಬನು ಹೊರಬಂದು ನೆಲವನ್ನುತ್ತು ಬಿತ್ತಿ ಮನುಷ್ಯರ ಮೂಲಪುರುಷನಾದನು, ಇನ್ನೊಬ್ಬನು ಅಲ್ಲಿಯೇ ಉಳಿದು ಮೊದಲ ಬಾಬಾಕೂಟುವಾದನು. ಆದಕಾರಣ ಅದನ್ನು ಕೊಲ್ಲುವುದು ಫಾಡಿ. ಈ ಶಬ್ದಕ್ಕೆ ನಿಷೇಧವೆಂದರೆ ಅರ್ಥ ಸಾಲದು; ನಮ್ಮಲ್ಲಿ ಮೈಲಿಗೆ, ಹರಕೆ, ಹಿರಿಯರ ಆಣೆ ಎಂಬುವು ಕೂಡಿದರೆ ಆಗುವ ಭಾವಕ್ಕೆ ಅದು ಹತ್ತಿರವೆನ್ನಬಹುದು. ಫಾಡಿಯು ಯಾವಾಗಲೂ ರಕ್ಷೆಯೂ ಅಲ್ಲ: ತೆಳ್ಳನೆಯ ನಡುಬೆರಳಿನಿಂದ ಮರವನ್ನು ತಟ್ಟಿ, ಒಳಗಿನ ಹುಳುವಿನ ಸದ್ದನ್ನಾಲಿಸುವ ಐ-ಐ ಎಂಬ ನಿರುಪದ್ರವಿ ಲೀಮರನ್ನು ಅಪಶಕುನವೆಂದು ಅನೇಕ ಊರುಗಳಲ್ಲಿ ಕಂಡಲ್ಲಿಯೇ ಕೊಲ್ಲುವರು. ಮಾಟದ ನೆವದಿಂದ ನಮ್ಮ ಕಾಡುಪಾಪವನ್ನು ಹಿಂಸಿಸುವವರ ನಾಡಿನಲ್ಲಿರುವ ನಾವು ಆ ಜನರನ್ನು ಹಳಿಯಲಾರೆವು.

ನನಗೆ ಮುಖ್ಯವಾಗಿ ತೋರುವ ವಿಷಯವು ಇಲ್ಲಿದೆ. ಆ ನಿಷೇಧವು ಬಾಬಾಕೂಟುವಿನ ಮೇಲೆ ಕೈಯೆತ್ತದಂತೆ ತಡೆಯಿತೇ ಹೊರತು, ಅದು ಕುಳಿತ ಮರಕ್ಕೆ ಕೊಡಲಿ ಹಾಕದಂತೆ ತಡೆಯಲಿಲ್ಲ. ಬೇಸಾಯಕ್ಕಿಳಿದ ಅಣ್ಣನ ಮಕ್ಕಳು ಗುಡ್ಡದ ಕಾಡನ್ನು ಕಡಿದು, ಒಣಗಿಸಿ, ಮಳೆಗೆ ಮುನ್ನ ಸುಟ್ಟು, ಬೂದಿಯಲ್ಲಿ ಕೋಲೂರಿ ಕುಳಿಮಾಡಿ ಭತ್ತ ಬಿತ್ತುವರು. ‘ತಾವಿ’ ಎಂಬ ಈ ಪದ್ಧತಿಯು ನಮ್ಮ ಮಲೆನಾಡಿನ ಕುಮರಿಯೇ. ಹತ್ತು ಹದಿನೈದು ವರ್ಷ ನೆಲವನ್ನು ಪಾಳು ಬಿಡುತ್ತಿದ್ದ ಕಾಲದಲ್ಲಿ ಕಾಡು ಮತ್ತೆ ಚಿಗುರುತ್ತಿತ್ತು, ಈಗ ಮೂರರಿಂದ ಐದು ವರ್ಷಕ್ಕೇ ಬೆಂಕಿ ಮರಳಿ ಬರುತ್ತದೆ. 2018ರ ಜನಗಣತಿಯಲ್ಲಿ ಎರಡೂವರೆ ಕೋಟಿಯನ್ನು ದಾಟಿದ ಜನರಿಗೆ ಅನ್ನ ಬೇಕು. 1881ರಲ್ಲಿ ರಾಣಿ ಎರಡನೆಯ ರಾನವಲೋನಳ ಶಾಸನವೂ, 1896ರಲ್ಲಿ ದ್ವೀಪವನ್ನು ವಶಪಡಿಸಿಕೊಂಡ ಫ್ರೆಂಚರ ಆಡಳಿತವೂ ಕಾಡು ಸುಡುವುದನ್ನು ನಿಷೇಧಿಸಿದುವು. ಆದರೆ ರೈತನನ್ನು ದಂಡಿಸಿದ ಅದೇ ಫ್ರೆಂಚರು ಕಾಫಿಗೂ ಮರದ ವ್ಯಾಪಾರಕ್ಕೂ ಕಾಡನ್ನು ಬಿಟ್ಟುಕೊಟ್ಟರು. ಬಡವನ ಬೆಂಕಿಯೊಂದನ್ನೇ ಎಣಿಸುವ ಲೆಕ್ಕವು ಅರ್ಧಸತ್ಯವೆಂದೇ ನನ್ನ ನಂಬಿಕೆ. 2009ರ ರಾಜಕೀಯ ಕ್ಷೋಭೆಯಲ್ಲಿ ಮಸೋಲ, ಮರೋಜೆಜಿ ರಾಷ್ಟ್ರೀಯೋದ್ಯಾನಗಳಿಂದ ಬೀಟೆಯಂಥ ಬೆಲೆಬಾಳುವ ರೋಸ್‌ವುಡ್ ಕದ್ದು ಸಾಗಿದುದು ಹೊಟ್ಟೆಯ ಹಸಿವಿಗಾಗಿ ಅಲ್ಲ. ಮರುವರ್ಷವೇ ಆ ಪೂರ್ವದ ಮಳೆಕಾಡುಗಳು ಅಪಾಯದಲ್ಲಿರುವ ವಿಶ್ವಪರಂಪರೆಯ ಪಟ್ಟಿಗೆ ಸೇರಿದುವು. 1953ರಿಂದ 2014ರವರೆಗೆ ದ್ವೀಪದ ಸಹಜಾರಣ್ಯದಲ್ಲಿ ಶೇಕಡ 44 ಭಾಗವು ಹೋಯಿತು. ಉಳಿದುದೂ ತುಂಡುತುಂಡಾಗಿದೆ, ನೆಲಕ್ಕಿಳಿದು ದೂರ ನಡೆಯಲೊಲ್ಲದ ಬಾಬಾಕೂಟುವಿಗೆ ಬಯಲಿನ ಒಂದು ಪಟ್ಟಿಯೂ ಸಮುದ್ರವೇ.

ಆಂಡಸಿಬೆಯ ಊರವರು ತಾವೇ ಕೂಡಿ ಕಟ್ಟಿದ ಮಿಟ್ಸಿಂಜೊ ಎಂಬ ಸಂಘವೊಂದಿದೆ. ಅದರವರು ಕಾಡಿನ ಬೀಜಗಳನ್ನಾಯ್ದು ತಂದು, ಪಾತಿಗಳಲ್ಲಿ ನಾಡಮರಗಳ ಸಸಿಯೆಬ್ಬಿಸಿ, ಹಿಂದೆ ತಾವಿಗೆಂದು ಸುಟ್ಟ ಗುಡ್ಡಗಳಲ್ಲಿ ನೆಡುತ್ತ ಬಂದಿರುವರು. ಈಚೆಯ ಕಾಡಿನ ತುಂಡಿನಿಂದ ಆಚೆಯ ತುಂಡಿಗೆ, ಬೊಡ್ಡೆಯಿಂದ ಬೊಡ್ಡೆಗೆ ನೆಗೆದು ಹೋಗುವ ದಾರಿಯೊಂದು ಬೆಳೆಯಬೇಕೆಂಬುದು ಅವರ ಉದ್ದೇಶ.