ಕನ್ನಂಬಾಡಿ ಕಟ್ಟೆಯ ಸುರ್ಕಿ ಪಾಠ

ಅಧ್ಯಯನ ಪ್ರವಾಸಕ್ಕೆಂದು ಕನ್ನಂಬಾಡಿ ಕಟ್ಟೆಗೆ ಬರುವ ಸಿವಿಲ್ ಎಂಜಿನಿಯರಿಂಗ್ ವಿದ್ಯಾರ್ಥಿಗಳು ಮೊದಲು ಕೇಳಬೇಕಾದ ಪ್ರಶ್ನೆ: ಇಲ್ಲಿನ ಕಲ್ಲುಗಳನ್ನು ಹಿಡಿದಿಟ್ಟಿರುವುದು ಏನು?

ಉತ್ತರ, ಸುರ್ಕಿ ಗಾರೆ. ಮೈಸೂರು ಸಂಸ್ಥಾನದ ಚೀಫ್ ಎಂಜಿನಿಯರ್ ಆಗಿದ್ದ ಎಂ. ವಿಶ್ವೇಶ್ವರಯ್ಯನವರ ಕಾಲದಲ್ಲಿ, 1911ರಲ್ಲಿ ಕೆಲಸ ಆರಂಭವಾದಾಗ ಸಿಮೆಂಟ್ ಹಡಗಿನಲ್ಲಿ ಬರಬೇಕಿತ್ತು. ಅದರ ಬದಲು ಸುಟ್ಟ ಮಣ್ಣಿನ ಪುಡಿಯನ್ನು ಸುಣ್ಣದೊಡನೆ ಅರೆದು ಬಳಸಿದರು. ಆ ಪುಡಿಯಲ್ಲಿರುವ ಸಿಲಿಕಾ ಸುಣ್ಣದೊಂದಿಗೆ ಕೂಡಿ ತೇವದಲ್ಲೂ ಗಟ್ಟಿಯಾಗುತ್ತದೆ. ಸುಮಾರು 8,600 ಅಡಿ ಉದ್ದದ ಕಟ್ಟೆ ಇಂದಿಗೂ 124.80 ಅಡಿ ಮಟ್ಟದವರೆಗೆ ಕಾವೇರಿಯನ್ನು ತಡೆದು ನಿಲ್ಲಿಸುತ್ತದೆ.

ಆದರೆ ಕಟ್ಟೆಗೆ ಹೆಸರು ಕೊಟ್ಟ ಊರೇ ನೀರಿನಲ್ಲಿ ಮುಳುಗಿತು. ಅಲ್ಲಿದ್ದ ವೇಣುಗೋಪಾಲಸ್ವಾಮಿ ದೇವಾಲಯವನ್ನು ಹೊಸ ಕನ್ನಂಬಾಡಿಯಲ್ಲಿ ಮರುನಿರ್ಮಿಸಲಾಗಿದೆ. ಕಟ್ಟೆಯ ಅಳತೆ ಬರೆದುಕೊಳ್ಳುವ ನೋಟ್ ಪುಸ್ತಕದಲ್ಲಿ ಆ ಊರಿಗೂ ಒಂದು ಸಾಲು ಸಲ್ಲಬೇಕು.