ಗಿಟಾರ್ ನಕಲು ಮಾಡಿದ್ದು ತುತ್ತೂರಿಯನ್ನ

ಪೋಸ್ಟ್ ಸ್ವಲ್ಪ ಉದ್ದ ಇದೆ, ಪೂರ್ತಿ ಓದಿ.

ಹಾರ್ಡ್ ರಾಕ್ ಕೇಳುವ ನಮ್ಮ ಹುಡುಗರು ಆಗಾಗ ಒಂದು ಮಾತು ಹೇಳ್ತಾರೆ. ಗಿಟಾರ್ ಬ್ಯಾಂಡಿಗೆ ಟ್ರಂಪೆಟ್, ಸ್ಯಾಕ್ಸೊಫೋನ್ ಸೇರಿಸಿದ್ರೆ ಅದು ಮದುವೆ ಬ್ಯಾಂಡ್‌ಸೆಟ್ ಆಗೋಗತ್ತೆ ಅಂತ. ಈ ಮಾತಲ್ಲಿ ಎರಡು ತಪ್ಪಿದೆ. ಒಂದು, ಬ್ಯಾಂಡ್‌ಸೆಟ್ ಅನ್ನೋ ಪದವನ್ನ ಬೈಗುಳದ ಹಾಗೆ ಬಳಸೋದು. ಆ ಬ್ಯಾಂಡ್‌ಸೆಟ್‌ನಲ್ಲಿ ಊದುವವರು ಯಾವ ಕೇರಿಯವರು ಅಂತ ನಿಮಗೂ ಗೊತ್ತು, ನನಗೂ ಗೊತ್ತು. ಇನ್ನೊಂದು ಚರಿತ್ರೆಯ ತಪ್ಪು. ಮೊದಲು ಅದನ್ನೇ ನೋಡೋಣ.

1965ರ ಮೇ ತಿಂಗಳು. ಇಂಗ್ಲೆಂಡಿನ ರೋಲಿಂಗ್ ಸ್ಟೋನ್ಸ್ ತಂಡ ಹಾಲಿವುಡ್‌ನ ಸ್ಟುಡಿಯೋದಲ್ಲಿ 'ಸ್ಯಾಟಿಸ್‌ಫ್ಯಾಕ್ಷನ್' ಹಾಡನ್ನು ರೆಕಾರ್ಡ್ ಮಾಡಿತು. ಬಿಳಿ ಹುಡುಗರ ತಂಡ. ಹೆಸರು ಮಾತ್ರ ಮಡ್ಡಿ ವಾಟರ್ಸ್ ಎಂಬ ಕಪ್ಪು ಗಾಯಕರ ಹಾಡಿನಿಂದ ಎತ್ತಿಕೊಂಡದ್ದು. ಆ ಹಾಡಿನ ಶುರುವಿನಲ್ಲೇ ಒಡಕು ದನಿಯ ಗಿಟಾರ್ ಸಾಲೊಂದು ಬರುತ್ತೆ. ಹಾರ್ಡ್ ರಾಕ್‌ಗೆ ದಾರಿ ಮಾಡಿಕೊಟ್ಟ ಸದ್ದುಗಳಲ್ಲಿ ಅದೂ ಒಂದು. ಆದರೆ ಅದನ್ನು ನುಡಿಸಿದ ಕೀತ್ ರಿಚರ್ಡ್ಸ್ ಮುಂದೆ ತಾವೇ ಹೇಳಿಕೊಂಡರು: ಅವರ ಮನಸ್ಸಿನಲ್ಲಿ ಆ ಜಾಗದಲ್ಲಿ ಇದ್ದದ್ದು ಹಾರ್ನ್ ಸೆಕ್ಷನ್. ಗಿಟಾರಿನಲ್ಲಿ ನುಡಿಸಿದ್ದು ಬರೀ ಗುರುತಿಗೆ. ಅವರು ಬಳಸಿದ ಮೆಸ್ಟ್ರೋ ಫಜ್-ಟೋನ್ ಪೆಟ್ಟಿಗೆಯನ್ನು 1962ರಲ್ಲಿ ಗಿಬ್ಸನ್ ಕಂಪನಿ ಮಾರಾಟಕ್ಕೆ ತಂದಾಗಲೂ, ಇದನ್ನು ಹಾಕಿದರೆ ಗಿಟಾರ್ ಊದುವ ವಾದ್ಯದ ಹಾಗೆ ಕೇಳುತ್ತೆ ಅಂತಲೇ ಜಾಹೀರಾತು ಮಾಡಿತ್ತು.

ಅಂದ್ರೆ ಗಿಟಾರ್ ಇಲ್ಲಿ ತುತ್ತೂರಿಯ ವೇಷ ಹಾಕಿ ನಿಂತಿದೆ! ಯಾರ ತುತ್ತೂರಿ? ಅಮೆರಿಕದ ಕಪ್ಪು ಜನರ ಸೋಲ್ ಸಂಗೀತದ ತುತ್ತೂರಿ.

ಎರಡೇ ತಿಂಗಳಲ್ಲಿ ಇದು ಬಯಲಾಯ್ತು. ಜುಲೈನಲ್ಲಿ ಓಟಿಸ್ ರೆಡ್ಡಿಂಗ್ ಎಂಬ 23 ವರ್ಷದ ಕಪ್ಪು ಗಾಯಕ ಮೆಂಫಿಸ್‌ನಲ್ಲಿ ಅದೇ ಹಾಡನ್ನು ಹಾಡಿದರು. ಹಳೇ ಸಿನಿಮಾ ಟಾಕೀಸನ್ನು ಸ್ಟುಡಿಯೋ ಮಾಡಿಕೊಂಡಿದ್ದ ಸ್ಟಾಕ್ಸ್ ಕಂಪನಿಯಲ್ಲಿ. ಗಿಟಾರಿನ ಆ ಸಾಲನ್ನು ಅಲ್ಲಿ ತುತ್ತೂರಿಗಳು ಊದಿದವು. ರಿಚರ್ಡ್ಸ್ ಕೂಡ ಒಪ್ಪಿಕೊಂಡರು, ತಾನು ಅಂದುಕೊಂಡಿದ್ದು ಹೀಗೇ ಅಂತ.

ಓಟಿಸ್ ಊದುವವರಿಗೆ ನೋಟೇಶನ್ ಬರೆದು ಕೊಡುತ್ತಿರಲಿಲ್ಲ. ಎದುರು ನಿಂತು ಸಾಲನ್ನು ಬಾಯಲ್ಲೇ ಹಾಡಿ ತೋರಿಸುತ್ತಿದ್ದರು. ಅವರು ಕೇಳಿ ಊದುತ್ತಿದ್ದರು. ನಮ್ಮ ತಮಟೆಯವರು ಮಕ್ಕಳಿಗೆ ಪೆಟ್ಟು ಕಲಿಸೋದೂ ಹೀಗೇ ಅಲ್ವಾ? ಟ್ರಂಪೆಟ್ ಊದಿದ ವೇಯ್ನ್ ಜಾಕ್ಸನ್ ಬಿಳಿಯರು, ಸ್ಯಾಕ್ಸೊಫೋನ್ ಊದಿದ ಆಂಡ್ರೂ ಲವ್ ಕಪ್ಪು ಜನರವರು. ಬಿಳಿಯರೂ ಕಪ್ಪು ಜನರೂ ಒಂದೇ ಟೇಬಲ್‌ನಲ್ಲಿ ಕೂತು ಉಣ್ಣೋದು ಕಷ್ಟವಾಗಿದ್ದ ಊರಲ್ಲಿ ಇವರಿಬ್ಬರೂ ಅಕ್ಕಪಕ್ಕ ನಿಂತು ಒಂದೇ ಉಸಿರಲ್ಲಿ ಊದುತ್ತಿದ್ದರು. ಮುಂದೆ ಮೆಂಫಿಸ್ ಹಾರ್ನ್ಸ್ ಅಂತ ಹೆಸರಾದರು.

ಆಮೇಲೆ ರಾಕ್ ತಂಡಗಳು ಒಂದೊಂದಾಗಿ ಬಂದವು. 1970ರಿಂದ ರೋಲಿಂಗ್ ಸ್ಟೋನ್ಸ್ ಬಾಬಿ ಕೀಸ್, ಜಿಮ್ ಪ್ರೈಸ್ ಇಬ್ಬರನ್ನೂ ಕಟ್ಟಿಕೊಂಡು ಊರೂರು ಸುತ್ತಿತು. 1972ರ 'ಎಕ್ಸೈಲ್ ಆನ್ ಮೇನ್ ಸ್ಟ್ರೀಟ್' ಆಲ್ಬಂ ತುಂಬಾ ಇವರ ಊದು ಇದೆ. 1987ರಲ್ಲಿ ಏರೋಸ್ಮಿತ್ ಹಾರ್ನ್ ಸೇರಿಸಿಕೊಂಡಿತು. 1990ರ ದಶಕದ ಶುರುವಿನಲ್ಲಿ ಗನ್ಸ್ ಎನ್' ರೋಸಸ್ ಮೂವರು ಮಹಿಳೆಯರ ಹಾರ್ನ್ ತಂಡವನ್ನು ವೇದಿಕೆಗೆ ತಂದಿತು. ಹೊಸ ಪ್ರಯೋಗ ಅಂದರು. ನನ್ನ ಪ್ರಕಾರ ಅದು ಸಾಲ ತೀರಿಸಿದ್ದು, ಅದೂ ಅರ್ಧ.

ಕೂಡಿ ನುಡಿಸೋದು ಸುಲಭವೂ ಅಲ್ಲ. ರಾಕ್ ಗಿಟಾರಿಗೆ ಇ, ಎ ಶ್ರುತಿ ಹಿತ. ಟ್ರಂಪೆಟ್ ಹುಟ್ಟಿನಿಂದಲೇ ಬಿ-ಫ್ಲ್ಯಾಟ್ ವಾದ್ಯ. ಗಿಟಾರ್ ಆರಾಮಾಗಿ ಇ ಮೇಜರ್ ಬಾರಿಸಿದರೆ ಟ್ರಂಪೆಟ್‌ನವನು ಆರು ಶಾರ್ಪ್ ಇರುವ ಶ್ರುತಿಯಲ್ಲಿ ಬೆರಳು ಮುರಿದುಕೊಳ್ಳಬೇಕು. ಗಿಟಾರಿಗೆ ದಣಿವಿಲ್ಲ, ಊದುವವರಿಗೆ ಉಸಿರು ಬೇಕು. ಅದಕ್ಕೇ ಮೆಂಫಿಸ್‌ನವರು ಹಾಡಿನುದ್ದಕ್ಕೂ ಊದುತ್ತಿರಲಿಲ್ಲ. ಗಾಯಕನ ಸಾಲು ಮುಗಿದ ಕಡೆ ಚುಟುಕಾಗಿ ಉತ್ತರ ಕೊಟ್ಟು ಸುಮ್ಮನಾಗುತ್ತಿದ್ದರು. ಕಪ್ಪು ಜನರ ಚರ್ಚಿನಲ್ಲಿ ಬೋಧಕ ಒಂದು ಮಾತು ಹೇಳಿದರೆ ಸಭೆ ತಿರುಗಿ ಕೂಗುತ್ತಲ್ಲ, ಆ ರೀತಿ. ರಾಕ್ ತಂಡ ಇವರನ್ನು ಸೇರಿಸಿಕೊಳ್ಳಬೇಕಾದ್ರೆ ಗಿಟಾರ್ ಜಾಗ ಬಿಟ್ಟುಕೊಡಬೇಕು. ಜಾಗ ಬಿಡದೆ ಸೇರಿಸಿಕೊಂಡ್ರೆ ಅದು ಬರೀ ಅಲಂಕಾರ.

ಹೆಸರಿನ ವಿಷಯಕ್ಕೆ ಬರ್ತೀನಿ. ಆ ಕಾಲದ ಬಹಳಷ್ಟು ಸೋಲ್ ರೆಕಾರ್ಡ್‌ಗಳ ಮೇಲೆ ಊದಿದವರ ಹೆಸರೇ ಇರುತ್ತಿರಲಿಲ್ಲ. ಸೆಷನ್‌ಗೆ ಇಷ್ಟು ಅಂತ ಕೂಲಿ, ಅಷ್ಟೇ. ಮೆಂಫಿಸ್ ಹಾರ್ನ್ಸ್‌ಗೆ ಗ್ರ್ಯಾಮಿ ಜೀವಮಾನ ಸಾಧನೆ ಗೌರವ ಬಂದದ್ದು 2012ರಲ್ಲಿ. ಆಂಡ್ರೂ ಲವ್ ತೀರಿಕೊಂಡದ್ದೂ ಅದೇ ವರ್ಷ.

ಇದೇ ಮೆಂಫಿಸ್‌ನ ಇನ್ನೊಂದು ಕತೆ ನಮ್ಮವರಿಗೆ ಗೊತ್ತಿರಲೇಬೇಕು. 1968ರ ಫೆಬ್ರವರಿ 1. ಎಕೋಲ್ ಕೋಲ್, ರಾಬರ್ಟ್ ವಾಕರ್ ಎಂಬ ಇಬ್ಬರು ಪೌರಕಾರ್ಮಿಕರು ಮಳೆಗೆ ಕಸದ ಲಾರಿಯೊಳಗೆ ನಿಂತಿದ್ದಾಗ ಯಂತ್ರ ಅವರನ್ನು ಕಸದ ಜೊತೆ ಅರೆದು ಹಾಕಿತು. ಫೆಬ್ರವರಿ 12ರಿಂದ ಸುಮಾರು 1,300 ಕಾರ್ಮಿಕರು, ಹೆಚ್ಚುಕಡಿಮೆ ಎಲ್ಲರೂ ಕಪ್ಪು ಜನ, ಕೆಲಸ ನಿಲ್ಲಿಸಿದರು. 'ನಾನೂ ಮನುಷ್ಯ' ಅಂತ ಬರೆದ ಫಲಕ ಹಿಡಿದು ನಡೆದರು. ಮ್ಯಾನ್‌ಹೋಲ್‌ನಲ್ಲಿ ನಮ್ಮವರನ್ನು ಕಳೆದುಕೊಂಡ ನಮಗೆ ಆ ಫಲಕವನ್ನ ಯಾರೂ ವಿವರಿಸಬೇಕಿಲ್ಲ. ಅವರ ಬೆಂಬಲಕ್ಕೆ ಬಂದ ಮಾರ್ಟಿನ್ ಲೂಥರ್ ಕಿಂಗ್ ಉಳಿದುಕೊಂಡದ್ದು ಲೊರೇನ್ ಮೋಟೆಲ್‌ನಲ್ಲಿ. ಸ್ಟಾಕ್ಸ್‌ನ ಕಪ್ಪು, ಬಿಳಿ ಕಲಾವಿದರು ಒಟ್ಟಿಗೆ ಕೂರಲು ಸಾಧ್ಯವಿದ್ದ ಕೆಲವೇ ಜಾಗಗಳಲ್ಲಿ ಅದೂ ಒಂದು. ಏಪ್ರಿಲ್ 4ರ ಸಂಜೆ ಬಾಲ್ಕನಿಯಲ್ಲಿ ನಿಂತ ಕಿಂಗ್ ಕೆಳಗಿದ್ದ ಬೆನ್ ಬ್ರಾಂಚ್‌ಗೆ, ರಾತ್ರಿ ಸಭೆಯಲ್ಲಿ ತನ್ನ ಇಷ್ಟದ ಭಕ್ತಿಗೀತೆಯನ್ನ ಚೆನ್ನಾಗಿ ನುಡಿಸು ಅಂತ ಕೇಳಿಕೊಂಡರು. ಅದಾದ ತಕ್ಷಣ ಗುಂಡು ಬಿತ್ತು. ಬೆನ್ ಬ್ರಾಂಚ್ ಸ್ಯಾಕ್ಸೊಫೋನ್ ಊದುವವರು.

ನಮ್ಮಲ್ಲಿಗೆ ಹಿತ್ತಾಳೆ ವಾದ್ಯ ಬಂದದ್ದು ಬ್ರಿಟಿಷ್ ಸೇನೆಯ ಬ್ಯಾಂಡುಗಳ ಜೊತೆ. ಆಮೇಲೆ ಅದು ನಮ್ಮ ಕೇರಿಗಳಿಗೂ ಬಂತು. ಸೀನಿಯರ್ ಆಫೀಸರ್ ಥರ ಯೂನಿಫಾರ್ಮ್ ಹಾಕಿಸ್ತಾರೆ, ದಿಬ್ಬಣದ ಮುಂದೆ ನಡೆಸ್ತಾರೆ, ಛತ್ರದ ಬಾಗಿಲಲ್ಲಿ ನಿಲ್ಲಿಸ್ತಾರೆ. ಊದುವವರ ಹೆಸರು ಕೇಳಿದ ಒಬ್ಬ ಬೀಗರನ್ನೂ ನಾನು ನೋಡಿಲ್ಲ.

ಅದಕ್ಕೇ ರಾಕ್ ತಂಡ ಕಟ್ಟುತ್ತಿರುವ ತಮ್ಮಂದಿರಿಗೆ, ತಂಗಿಯರಿಗೆ ಹೇಳೋದು ಇಷ್ಟೇ. ತುತ್ತೂರಿ ಸೇರಿಸಿ, ಧಾರಾಳವಾಗಿ ಸೇರಿಸಿ. ಕೀಬೋರ್ಡಿನ ಗುಂಡಿಯಿಂದ ಬರೋ ಸದ್ದು ಬೇಡ. ನಿಮ್ಮೂರಿನ ಬ್ಯಾಂಡ್‌ಸೆಟ್‌ನ ಚಿಕ್ಕಪ್ಪನನ್ನೇ ಕರೆಯಿರಿ. ಅವರಿಗೆ ನೋಟೇಶನ್ ಬರದಿದ್ರೆ ಓಟಿಸ್ ಮಾಡಿದ ಹಾಗೆ ಹಾಡಿ ತೋರಿಸಿ. ಪೋಸ್ಟರ್ ಮೇಲೆ ಗಿಟಾರ್‌ನವರ ಹೆಸರು ಇರೋ ಅಳತೆಯಲ್ಲೇ ಅವರ ಹೆಸರೂ ಇರಲಿ, ದುಡ್ಡೂ ಸಮ ಇರಲಿ. ಯಾರಾದ್ರೂ ಇದು ಮದುವೆ ಬ್ಯಾಂಡ್ ಥರ ಇದೆ ಅಂದ್ರೆ, ಹೌದು ಅನ್ನಿ.

ಜೈಭೀಮ್.